ಮೊದಲು ಗುಂಡಿ ತೋಡಿ, ಆಮೇಲೆ ಚಿಸಲ್ ಕೇಳಿ

ಮುಸುಕಿನ ಜೋಳದ ಕೊಯ್ಲು ಮುಗಿದರೆ ಸಾಕು, ನನಗೆ ಚಿಸಲ್ ನೇಗಿಲಿನ (ಮಣ್ಣು ಮಗುಚದೆ ಆಳಕ್ಕೆ ಸೀಳಿ, ಕೆಳಗಿನ ಗಟ್ಟಿ ಪದರ ಒಡೆಯುವ ನೇಗಿಲು) ಪ್ರಶ್ನೆಗಳ ಸುಗ್ಗಿ ಶುರುವಾಗುತ್ತದೆ. ಈ ಸಲವೂ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಅದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಒಂದೆರಡು ಸಾಲು. ಟ್ರ್ಯಾಕ್ಟರಿಗೆ ಹೇಗೆ ಜೋಡಿಸುವುದು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ, ಅದು ಡ್ರೈವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಕೊಡಗಿನ ಹೆಬ್ಬಾಲೆ ಹತ್ತಿರ ಮೂರು ಎಕರೆ ಇದೆ. ಹೋದ ವರ್ಷ ಮುಸುಕಿನ ಜೋಳ, ಈ ವರ್ಷ ಸೋಯಾ ಹಾಕಿ ನೋಡಿದೆ, ಮುಂದೆ ಮತ್ತೆ ಜೋಳ. ಅಮೆರಿಕದ ಅಯೋವಾದಲ್ಲಿ ಕೊಯ್ಲಾದ ಕೂಡಲೇ ಚಿಸಲ್ ಹೊಡೆಯುವ ವಿಡಿಯೊ ನೋಡಿದೆ. ನಾನೂ ಪ್ರತಿ ವರ್ಷ ಹೊಡೆಸಲೇ?

ಬೇಡ. ವಿಡಿಯೊದಲ್ಲಿ ಟ್ರ್ಯಾಕ್ಟರ್ ಕಾಣುತ್ತದೆ, ಅದಾದ ಮೇಲೆ ಬರುವ ಚಳಿಗಾಲ ಕಾಣುವುದಿಲ್ಲ. ಅಲ್ಲಿ ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ, ಚಿಸಲ್ ಎಬ್ಬಿಸಿದ ಹೆಂಟೆಗಳು ತಾವಾಗಿಯೇ ಸಡಿಲವಾಗುತ್ತವೆ. ನಮ್ಮಲ್ಲಿ ಆ ಕೆಲಸ ಮಾಡುವವರು ಯಾರು? ಹೆಂಟೆ ಬಿಸಿಲಿಗೆ ಇಟ್ಟಿಗೆಯಾಗಿ ಕೂರುತ್ತದೆ, ಅದನ್ನು ಪುಡಿ ಮಾಡೋಕೆ ನೀವು ನಾಲ್ಕು ಸಲ ರೋಟಾವೇಟರ್ ಓಡಿಸುತ್ತೀರಿ, ಆ ರೋಟಾವೇಟರ್ ನಾಲ್ಕೈದು ಇಂಚಿನ ಕೆಳಗೆ ಮತ್ತೆ ಗಟ್ಟಿ ಪದರ ಕಟ್ಟುತ್ತದೆ. ದುಡ್ಡು ಕೊಟ್ಟು ಒಡೆಸಿದ್ದನ್ನು ದುಡ್ಡು ಕೊಟ್ಟೇ ಮತ್ತೆ ಕಟ್ಟಿಸಿದ ಹಾಗೆ, ಅಲ್ವಾ?

ಇನ್ನೊಂದು ವಿಷಯ. ಅಲ್ಲಿನ ರೈತರಲ್ಲೂ ಬಹಳ ಜನ ಚಿಸಲ್ ಹಾಕುವುದು ಜೋಳದ ಕೂಳೆಗೆ, ಸೋಯಾ ಕೂಳೆಯನ್ನು ಹಾಗೇ ಬಿಡುತ್ತಾರೆ. ಜೋಳದ ದಂಟು ಗಟ್ಟಿ, ನೇರ ಗುಳದ ಚಿಸಲ್ ಹೋದರೂ ಅರ್ಧಕ್ಕಿಂತ ಜಾಸ್ತಿ ಮೇಲೇ ಉಳಿಯುತ್ತದೆ. ಸೋಯಾದ್ದು ಮೊದಲೇ ಕಡಿಮೆ, ಮುಟ್ಟಿದರೆ ಪುಡಿ. ಅದರ ಮೇಲೆ ಚಿಸಲ್ ಹೊಡೆದರೆ ನೆಲ ಬೆತ್ತಲೆ. ಬಿತ್ತನೆ ಆದ ಮೇಲೂ 30 ಶೇಕಡಾ ನೆಲ ಹಿಂದಿನ ಬೆಳೆಯ ಕಸದಿಂದ ಮುಚ್ಚಿರಬೇಕು ಅನ್ನುವುದು ಮಣ್ಣು ಉಳಿಸುವ ಉಳುಮೆಯ ಲೆಕ್ಕ. ಅರ್ಧ ಅಡಿಗೊಂದರಂತೆ ನೂರು ಗಂಟು ಹಾಕಿದ ಹಗ್ಗವನ್ನು ಸಾಲಿಗೆ ಓರೆಯಾಗಿ ಎಳೆದು, ಎಷ್ಟು ಗಂಟಿನ ಕೆಳಗೆ ಕಸ ಇದೆ ಎಣಿಸಿ. ಆಯಿತು. ದಂಟನ್ನೆಲ್ಲ ಮೇವಿಗೆ ಕೊಯ್ದವರಿಗೆ ಎಣಿಸುವ ಕಷ್ಟವೂ ಇಲ್ಲ.

ಹಾಗಾದರೆ ಚಿಸಲ್ ಯಾವಾಗ? ಗುಂಡಿ ತೋಡಿದಾಗ. ಜೋಳದ ಬುಡದ ಪಕ್ಕದಲ್ಲೇ ಒಂದೂವರೆ ಅಡಿ ತೋಡಿ ಬೇರು ನೋಡಿ. ನೇರ ಕೆಳಗೆ ಇಳಿದಿದ್ದರೆ ಚಿಸಲ್ ಮರೆತುಬಿಡಿ. ಆರೇಳು ಇಂಚಿನಲ್ಲಿ ಮೊಣಕೈ ಮಡಚಿದ ಹಾಗೆ ಪಕ್ಕಕ್ಕೆ ತಿರುಗಿದ್ದರೆ ಅಲ್ಲಿದೆ ನಿಮ್ಮ ಗಟ್ಟಿ ಪದರ. ಅದರ ತಳಕ್ಕಿಂತ ಒಂದೆರಡು ಇಂಚು ಕೆಳಗೆ ಗುಳ ಹೋದರೆ ಸಾಕು. ಸುಮ್ನೆ ಎರಡಡಿ ಇಳಿಸುವುದು ಡೀಸೆಲ್ ಸುಡುವ ಕೆಲಸ.

ಹದದ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ನವೆಂಬರ್ ಕೊನೆ, ಮೇಲೆ ಧೂಳು ಏಳುತ್ತಿತ್ತು, ಒಣಗಿದೆ ಅಂದುಕೊಂಡು ಹೊಡೆಸಿದೆ. ಸಂಜೆ ಸಾಲಿಗೆ ಕೈ ಹಾಕಿ ನೋಡಿದರೆ ಗೋಡೆ ಗಾರೆ ತಿಕ್ಕಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು! ಗುಳ ಮಣ್ಣನ್ನು ಒಡೆದಿರಲಿಲ್ಲ, ಹಲ್ವಾ ಕೊಯ್ದ ಹಾಗೆ ಕೊಯ್ದಿತ್ತು. ಆ ವರ್ಷ ಬೇರು ಆ ಸೀಳಿನೊಳಗೇ ಓಡಾಡಿತು, ಪಕ್ಕಕ್ಕೆ ನುಗ್ಗಲೇ ಇಲ್ಲ. ಅದಕ್ಕೇ ಹೇಳುವುದು, ಹತ್ತು ಇಂಚು ಕೆಳಗಿನ ಮಣ್ಣು ಹಿಡಿದು ಹೆಬ್ಬೆರಳಲ್ಲಿ ತೀಡಿ. ಪಟ್ಟಿಯಾಗಿ ಬಂದರೆ ಕಾಯಿರಿ, ಉದುರಿದರೆ ಹೊಡೆಸಿ. ಜನವರಿ ಆದರೂ ಆಗಲಿ, ಅವಸರವೇನು? ಇಳಿಜಾರಿದ್ದರೆ ಅಡ್ಡಕ್ಕೇ ಹೊಡೆಸಿ. ಮೇಲಿಂದ ಕೆಳಕ್ಕೆ ಹೊಡೆದ ಸಾಲು ಜುಲೈನಲ್ಲಿ ಚರಂಡಿಯಾಗುತ್ತದೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಕೊಡಗಿನವರಿಗೆ ಇದನ್ನೂ ನಾನೇ ಹೇಳಬೇಕಾ?

ಪ್ರಶ್ನೆ: ಎಕರೆಗೆ ಒಂದು ಲೀಟರ್ ಬಿಟ್ಟರೆ ಗಟ್ಟಿ ನೆಲ ಸಡಿಲವಾಗುವ ದ್ರಾವಣ ಸಂತೆಯಲ್ಲಿ ಮಾರುತ್ತಿದ್ದಾರೆ.

ಒಂದಡಿ ಆಳದ ಮಣ್ಣು ಒಂದು ಎಕರೆಗೆ ಸಾವಿರ ಟನ್ನಿಗೂ ಜಾಸ್ತಿ. ಅದಕ್ಕೆ ಒಂದು ಲೀಟರ್! ಮಾರುವವನಿಗೂ ನಗು ಬರುತ್ತಿರಬೇಕು.

ಪ್ರಶ್ನೆ: ಚಿಸಲ್ ಹೊಡೆದರೆ ಸೈನಿಕ ಹುಳ, ಕಳೆ ಎರಡೂ ಹೋಗುತ್ತವಂತೆ?

ಚಿಸಲ್ ಮಣ್ಣು ಮಗುಚುವುದಿಲ್ಲ, ಸೀಳುತ್ತದೆ ಅಷ್ಟೆ. ಹುಳದ ಕೋಶವನ್ನು ಬಿಸಿಲಿಗೆ ತರುವುದು ಮಗುಚುವ ನೇಗಿಲಿನ ಕೆಲಸ.

ಪ್ರಶ್ನೆ: ಚಿಸಲ್‌ಗೆ ಸಿಕ್ಕಿಕೊಳ್ಳುತ್ತದೆ ಅಂತ ದಂಟು ಸುಡಬಹುದಾ?

ಇಲ್ಲ. ಉದ್ದ ದಂಟನ್ನು ಕತ್ತರಿಸಿ ಹರಡಿ.

ಪ್ರಶ್ನೆ: ಕಾಫಿ ಸಾಲಿನ ನಡುವೆ?

ಕಾಫಿಯ ಉಣ್ಣುವ ಬೇರು ಇರುವುದೇ ಮೇಲಿನ ಒಂದಡಿಯಲ್ಲಿ. ದಯವಿಟ್ಟು ಬೇಡ.

ಪ್ರಶ್ನೆ: ಶನಿವಾರಸಂತೆ ಕಡೆ ನಮ್ಮ ಭತ್ತದ ಗದ್ದೆಯೂ ಕೆಳಗೆ ಕಲ್ಲಾಗಿದೆ. ಒಡೆಸಲೇ?

ಆ ಕಲ್ಲಾದ ಪದರವೇ ಗದ್ದೆಯಲ್ಲಿ ನೀರು ನಿಲ್ಲಿಸುತ್ತಿರುವುದು. ನಿಮ್ಮ ಅಜ್ಜ ವರ್ಷಗಟ್ಟಲೆ ಕೆಸರು ತುಳಿದು ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ತೂತು ಮಾಡಿಸಿ, ಆಮೇಲೆ ನೀರು ನಿಲ್ಲುತ್ತಿಲ್ಲ ಅಂತ ನನಗೇ ಬರೆಯಬೇಡಿ.