ಸ್ಕ್ಯಾನ್ ನಾರ್ಮಲ್, ಆದರೂ ಕಿಬ್ಬೊಟ್ಟೆ ನೋವು. ಹೊಟ್ಟೆಯೊಳಗೂ ವೆರಿಕೋಸ್ ವೇನ್ಸ್ ಆಗುತ್ತಾ?

ಆಗುತ್ತೆ. ಎರಡನೇ ಹೆರಿಗೆ ಆದಾಗಿನಿಂದ ಕಿಬ್ಬೊಟ್ಟೆ ಜಗ್ಗುತ್ತೆ, ಸಂಜೆಗೆ ಜಾಸ್ತಿ ಅಂತ ನೀವು ಬರೆದದ್ದು ಓದಿದಾಗ ನನ್ನದೇ ಕಥೆ ಅನ್ನಿಸಿತು. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ನಾಲ್ಕು ವರ್ಷ ಈ ನೋವು ಅನುಭವಿಸಿದವಳು.

ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಮೂರನೇ ಪೀರಿಯಡ್ ಹೊತ್ತಿಗೆ ಶುರುವಾಗುತ್ತಿತ್ತು. ಚುಚ್ಚುವ ನೋವಲ್ಲ, ಒಳಗೆ ಭಾರ ಕಟ್ಟಿ ಎಳೆದ ಹಾಗೆ. ಸಂಜೆ ಚಪಾತಿ ಲಟ್ಟಿಸುತ್ತಾ ನಿಲ್ಲೋಕಾಗದೆ ಅಡುಗೆಮನೆಯಲ್ಲೇ ಚಾಪೆ ಹಾಸಿ, ಕಾಲನ್ನು ಗೋಡೆಗೆ ಎತ್ತಿ ಮಲಗುತ್ತಿದ್ದೆ. ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತಿತ್ತು. ಗಂಡನ ಜೊತೆ ಸೇರಿದ ಮೇಲೆ ಗಂಟೆಗಟ್ಟಲೆ ನೋವು ಇರುತ್ತಿತ್ತು, ಅದನ್ನು ಹೇಳೋಕೆ ನಾಚಿಕೊಂಡೇ ಎರಡು ವರ್ಷ ಕಳೆದೆ. ಅದೇ ದೊಡ್ಡ ಸುಳಿವಾಗಿತ್ತು.

ಕಾಲಿನಲ್ಲಿ ನರ ಉಬ್ಬಿದೆ ಅಂತೀವಲ್ಲ, ಅದೇ ಗರ್ಭಕೋಶ, ಅಂಡಾಶಯದ ಸುತ್ತಲೂ ಆಗುತ್ತೆ. ರಕ್ತ ಮೇಲಕ್ಕೆ ಹೋಗಬೇಕು, ವಾಪಸ್ ಇಳಿಯದ ಹಾಗೆ ಒಳಗೆ ಪುಟ್ಟ ವಾಲ್ವ್‌ಗಳಿರುತ್ತವೆ. ಬಸುರಿಯಲ್ಲಿ ಈ ನಾಳಗಳು ತುಂಬಾ ಹಿಗ್ಗುತ್ತವೆ, ಹೆರಿಗೆಯಾದ ಮೇಲೆ ಕೆಲವರಿಗೆ ವಾಲ್ವ್ ಸರಿಯಾಗಿ ಮುಚ್ಚಲ್ಲ, ರಕ್ತ ಕೆಳಗೇ ನಿಲ್ಲುತ್ತೆ. ಎಡಗಡೆ ಜಾಸ್ತಿ. ಬಲ ಅಂಡಾಶಯದ ನಾಳ ಸೀದಾ ದೊಡ್ಡ ರಕ್ತನಾಳಕ್ಕೆ ಸೇರುತ್ತೆ, ಎಡಗಡೆಯದು ಕಿಡ್ನಿಯ ನಾಳಕ್ಕೆ ಹೋಗಿ ಸೇರುತ್ತೆ, ಅದಕ್ಕೇ ಅಲ್ಲಿ ರಕ್ತ ನಿಲ್ಲೋದು ಸುಲಭ. ಗಂಡಸರಿಗೆ ಬರುವ ವೇರಿಕೋಸೀಲ್ (ವೃಷಣದ ನಾಳ ಉಬ್ಬೋದು) ಕೂಡ ಹೆಚ್ಚಾಗಿ ಎಡಗಡೆಯೇ. ಹೆಂಗಸರ ಈ ತೊಂದರೆಗೆ ಪೆಲ್ವಿಕ್ ಕಂಜೆಶನ್ ಅನ್ನುತ್ತಾರೆ, ಈಗ ಪೆಲ್ವಿಕ್ ವೀನಸ್ ಡಿಸಾರ್ಡರ್ ಅಂತಲೂ ಬರೆಯುತ್ತಾರೆ.

ಸ್ಕ್ಯಾನ್‌ನಲ್ಲಿ ಯಾಕೆ ಸಿಗಲಿಲ್ಲ? ನಮ್ಮನ್ನು ಮಲಗಿಸಿ ಮಾಡ್ತಾರೆ, ಮಲಗಿದರೆ ಆ ನಾಳಗಳು ಖಾಲಿಯಾಗುತ್ತವೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡುವ ಲ್ಯಾಪ್ರೊಸ್ಕೋಪಿಯಲ್ಲೂ ಇದೇ ಕಾರಣಕ್ಕೆ ತಪ್ಪಿಹೋಗಬಹುದು. ನನಗೆ ಮೂರು ಸ್ಕ್ಯಾನ್ ಆದವು, ಒಬ್ಬ ಡಾಕ್ಟರ್ ಗರ್ಭಕೋಶ ತೆಗೆಸಿಬಿಡಿ ಅಂದರು, ಆಗ ನನಗೆ ಮೂವತ್ತಾರು. ನಾಲ್ಕನೇ ಸಲ ಡಾಪ್ಲರ್ (ರಕ್ತ ಹರಿಯೋದನ್ನು ತೋರಿಸುವ ಸ್ಕ್ಯಾನ್) ಮಾಡಿದ ಮೇಡಂ ನನ್ನನ್ನು ನಿಲ್ಲಿಸಿ, ಉಸಿರು ಕಟ್ಟಿ ಮುಕ್ಕಿ ಅಂದರು. ಸ್ಕ್ರೀನಿನ ಮೇಲೆ ಎರೆಹುಳುಗಳ ಹಾಗೆ ಸುರುಳಿ ಸುತ್ತಿದ ನಾಳಗಳು ಉಬ್ಬಿ ಬಂದವು. ನಿಂತಲ್ಲೇ ಅತ್ತುಬಿಟ್ಟೆ, ನೋವು ನನ್ನ ಕಲ್ಪನೆ ಅಲ್ಲ ಅಂತ ಗೊತ್ತಾಯಿತಲ್ಲ.

ಆದರೆ ಒಂದು ಮಾತು. ಏನೂ ನೋವಿಲ್ಲದ ಹೆಂಗಸರಲ್ಲೂ ನಾಳ ಉಬ್ಬಿರಬಹುದು. ಆದ್ದರಿಂದ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯೋದು), ಸೋಂಕು, ಮೂತ್ರಕೋಶ, ಕರುಳಿನ ತೊಂದರೆ ಇಲ್ಲ ಅಂತ ಮೊದಲು ನೋಡಿಸಲೇಬೇಕು.

ನನಗೆ ಮೊದಲು ಹಾರ್ಮೋನ್ ಮಾತ್ರೆ ಕೊಟ್ಟರು, ನಿಲ್ಲಿಸಿದ ಮೇಲೆ ನೋವು ಮರಳಿತು. ಆಮೇಲೆ ಎಂಬೊಲೈಸೇಶನ್. ತೊಡೆಸಂದಿನಲ್ಲಿ ಸಣ್ಣ ತೂತು, ಅಲ್ಲಿಂದ ತೆಳು ಕೊಳವೆ ಬಿಟ್ಟು, ಕೆಟ್ಟ ನಾಳವನ್ನು ಲೋಹದ ಕಾಯಿಲ್ ಇಟ್ಟು ಮುಚ್ಚುತ್ತಾರೆ, ರಕ್ತ ಬೇರೆ ದಾರಿಯಲ್ಲಿ ಹೋಗುತ್ತೆ. ಹೊಟ್ಟೆ ಕೊಯ್ಯಲ್ಲ. ಇದನ್ನು ಮಾಡೋರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಸ್ಕ್ರೀನ್ ನೋಡಿಕೊಂಡು ಕೊಳವೆ ಮೂಲಕ ಚಿಕಿತ್ಸೆ ಮಾಡುವ ಡಾಕ್ಟರ್. ಒಂದು ವಾರ ನೋವಿತ್ತು, ಎರಡು ಮೂರು ತಿಂಗಳಲ್ಲಿ ಮುಕ್ಕಾಲು ಪಾಲು ಇಳಿಯಿತು. ಎಲ್ಲರಿಗೂ ಇಷ್ಟೇ ಚೆನ್ನಾಗಿ ಆಗುತ್ತೆ ಅಂತಲ್ಲ.

ಈಗ ನೀವು ಎರಡು ವಾರ ಬರೆದಿಡಿ: ಎಷ್ಟು ಹೊತ್ತು ನಿಂತಿರಿ, ನೋವು ಯಾವಾಗ ಬಂತು, ಮಲಗಿದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು. ತೊಡೆಯ ಹಿಂಭಾಗದಲ್ಲಿ ಅಥವಾ ಯೋನಿಯ ಹೊರಭಾಗದಲ್ಲಿ ನರ ಉಬ್ಬಿದ್ದರೆ ಸಂಕೋಚ ಪಡದೆ ತೋರಿಸಿ. ಮತ್ತೆ ಸ್ಕ್ಯಾನ್ ಬರೆದುಕೊಟ್ಟರೆ, ನಿಲ್ಲಿಸಿ ಡಾಪ್ಲರ್ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ಇದ್ದಕ್ಕಿದ್ದಂತೆ ಜೋರು ನೋವು, ಜ್ವರ, ಜಾಸ್ತಿ ರಕ್ತಸ್ರಾವ ಅಥವಾ ಮುಟ್ಟು ತಪ್ಪಿದ್ದರೆ ಮಾತ್ರ ಇದನ್ನೆಲ್ಲ ಬರೀತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.