ಹಾಸನದಲ್ಲಿ ಹತ್ತು ಕಡೆ ಗಾಳಿ ಅಳೆಯೋ ಡಬ್ಬಿ ಇಡಬೇಕು ಅಂತಿದ್ದೀನಿ, ಕಡಿಮೆ ಬೆಲೆಗೆ ಯಾವ ಸೆನ್ಸರ್ ಒಳ್ಳೆಯದು?

ಹತ್ತು ಕಡೆ ಅಂತ ಓದಿದ ತಕ್ಷಣ ನನ್ನ ಆರು ಡಬ್ಬಿಗಳು ನೆನಪಾದವು. ಎನ್.ಆರ್. ಸರ್ಕಲ್, ಬಿ.ಎಂ. ರಸ್ತೆ, ಬಸ್ ನಿಲ್ದಾಣ ಅಂತ ನೀವು ಪಟ್ಟಿ ಕೂಡ ಮಾಡಿಬಿಟ್ಟಿದ್ದೀರಿ. ನಾನೂ ಹೀಗೇ ಪಟ್ಟಿಯಿಂದಲೇ ಶುರು ಮಾಡಿದ್ದು.

ನನ್ನದು ಚಿಕ್ಕಮಗಳೂರಿನಲ್ಲಿ ಇನ್ವರ್ಟರ್, ಬ್ಯಾಟರಿ ಅಂಗಡಿ. ಬೆಸುಗೆ ಹಾಕೋದು ಗೊತ್ತು, ವೈರು ಎಳೆಯೋದು ಗೊತ್ತು. ಮೂರು ವರ್ಷದ ಹಿಂದೆ ಅಪ್ಪನಿಗೆ ಬೆಳಗಿನ ಕೆಮ್ಮು ಜಾಸ್ತಿಯಾಯಿತು. ಗಾಳಿಯಲ್ಲಿನ ಸಣ್ಣ ಕಣ ಅಳೆಯೋ ಎಸ್‌ಡಿಎಸ್ 011 ಸೆನ್ಸರ್ ಆರು, ಅದರ ಅಂಕಿಯನ್ನು ವೈಫೈ ಮೂಲಕ ಕಳಿಸೋ ನೋಡ್‌ಎಂಸಿಯು ಬೋರ್ಡು ಆರು ತರಿಸಿದೆ. ಮಳೆ ನೀರು ಒಳಗೆ ಹೋಗದ ಹಾಗೆ ಎರಡು ಪಿವಿಸಿ ಬೆಂಡು ಜೋಡಿಸಿ, ಒಳಗೆ ಇವನ್ನು ಕೂರಿಸಿದೆ. ಒಂದು ವಾರ ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ. ಮುಗಿದ ಮರುದಿನವೇ ಸ್ಕೂಟರಿನಲ್ಲಿ ಹೋಗಿ ಆರೂ ಕಡೆ ಕಟ್ಟಿ ಬಂದೆ. ಹನುಮಂತಪ್ಪ ಸರ್ಕಲ್ ಹತ್ತಿರ ಒಂದು ಬಾಲ್ಕನಿ, ಬಸ್ ನಿಲ್ದಾಣದ ಬಳಿ ಸ್ನೇಹಿತನ ಹೋಟೆಲ್, ನನ್ನ ಅಂಗಡಿ, ನನ್ನ ಮನೆ, ಇನ್ನೆರಡು ಕಡೆ.

ತಪ್ಪು ಆಗಿದ್ದು ಆ ಮರುದಿನವೇ. ಹೇಗೆ ಅಂತ ಹೇಳ್ತೀನಿ.

ಮೊದಲ ತಿಂಗಳಲ್ಲಿ ಬಸ್ ನಿಲ್ದಾಣಕ್ಕಿಂತ ನನ್ನ ಮನೆಯ ಡಬ್ಬಿಯೇ ಹೆಚ್ಚು ತೋರಿಸಿತು. ಅಲ್ಲಿ 35 ಇದ್ದರೆ ಇಲ್ಲಿ 60 (ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಸಣ್ಣ ಕಣ ಅನ್ನೋ ಲೆಕ್ಕ). ನನಗೆ ಅನುಮಾನ ಬರಲೇ ಇಲ್ಲ, ಕಾರಣ ಹುಡುಕಿದೆ. ಕಾರಣ ಪಕ್ಕದಲ್ಲೇ ಸಿಕ್ಕಿತು. ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಆರಕ್ಕೆ ಬಚ್ಚಲ ಒಲೆ ಹಚ್ಚುತ್ತಾರೆ. ಸಿಲ್ವರ್ ಓಕ್ ಸೌದೆ, ದೊಡ್ಡ ಹಂಡೆ. ಡಿಸೆಂಬರಿನ ಒಂದು ಬೆಳಗ್ಗೆ, ಎದುರಿನ ಮನೆಯೂ ಕಾಣದಷ್ಟು ಮಂಜು, ನನ್ನ ಫೋನಿನಲ್ಲಿ 412 ಬಂತು. ಅದರ ಚಿತ್ರ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. 'ದೆಹಲಿಗಿಂತ ಕೆಟ್ಟ ಗಾಳಿ, ಸೌದೆ ಒಲೆಯವರು ಯೋಚಿಸಲಿ' ಅಂತ ಬರೆದೆ. ಅಜ್ಜಿಯ ಮಗನೂ ಆ ಗುಂಪಿನಲ್ಲಿದ್ದ. ಅಜ್ಜಿ ಮೂರು ದಿನ ಒಲೆ ಹಚ್ಚಲಿಲ್ಲ. ಡಿಸೆಂಬರಿನಲ್ಲಿ, ನಮ್ಮೂರ ಚಳಿಯಲ್ಲಿ, ತಣ್ಣೀರು.

ಮೂರನೇ ದಿನ ಬ್ಯಾಟರಿ ನೀರು ತುಂಬಿಸಲು ಬಂದಿದ್ದ ಒಬ್ಬ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಫೋನಿನ ಪರದೆ ನೋಡಿ ಒಂದೇ ಮಾತು ಕೇಳಿದರು: 'ಈ ಆರನ್ನೂ ಒಂದೇ ಕಡೆ ಇಟ್ಟು ನೋಡಿದ್ದೀರಾ?'

ಇಟ್ಟಿರಲಿಲ್ಲ. ಅಂಗಡಿಯಲ್ಲಿ ಎರಡು ಮಲ್ಟಿಮೀಟರ್ ಬೇರೆ ಬೇರೆ ವೋಲ್ಟು ತೋರಿಸಿದರೆ ಮೊದಲು ಎರಡನ್ನೂ ಒಂದೇ ಬ್ಯಾಟರಿಗೆ ಹಿಡಿದು ನೋಡ್ತೀನಿ. ಇಪ್ಪತ್ತು ವರ್ಷದ ಅಭ್ಯಾಸ. ಇಲ್ಲಿ ಅದು ಹೊಳೆಯಲೇ ಇಲ್ಲ. ಆರನ್ನೂ ಬಿಚ್ಚಿ ತಂದು ತಾರಸಿಯ ಬಟ್ಟೆ ಒಣಗಿಸುವ ಕಂಬಿಗೆ ಸಾಲಾಗಿ ಕಟ್ಟಿದೆ. ಒಣ ಮಧ್ಯಾಹ್ನ. ಐದು ಡಬ್ಬಿ 22ರಿಂದ 26ರ ಒಳಗೆ. ಆರನೆಯದು 44. ಅದು ಯಾವುದು ಗೊತ್ತಲ್ವಾ? ಮನೆಯಲ್ಲಿ ಇದ್ದದ್ದು.

ಮರುದಿನ ಬೆಳಗ್ಗೆ ಮತ್ತೆ ಮಂಜು. ಆರೂ ಒಟ್ಟಿಗೆ ಏರಿದವು, ಬಿಸಿಲು ಬಿದ್ದು ಮಂಜು ಕರಗಿದ ಮೇಲೆ ಆರೂ ಇಳಿದವು. ಒಲೆ ಹಚ್ಚಿರಲೇ ಇಲ್ಲ. ಈ ಸೆನ್ಸರ್ ಒಳಗೆ ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕಿಗೆ ಅಡ್ಡ ಬಂದ ಕಣ ಬೆಳಕನ್ನು ಚದುರಿಸುತ್ತದೆ, ಆ ಮಿಂಚನ್ನು ಎಣಿಸಿ ತೂಕ ಅಂದಾಜು ಮಾಡುತ್ತದೆ. ತೂಗುವುದಿಲ್ಲ, ಅಂದಾಜು ಅಷ್ಟೇ. ಮಂಜಿನ ಹನಿಯೂ ಅದಕ್ಕೆ ಕಣವೇ. ಹೊಗೆಯ ಕಣ ಕೂಡ ತೇವ ಕುಡಿದು ಊದಿಕೊಳ್ಳುತ್ತದೆ. ತೇವಾಂಶ 70% ಮೀರಬಾರದು ಅಂತ ಎಸ್‌ಡಿಎಸ್ 011ರ ಮಾಹಿತಿ ಹಾಳೆಯಲ್ಲೇ ಬರೆದಿದೆ. ಚಳಿಗಾಲದ ಬೆಳಗ್ಗೆ ಮಲೆನಾಡಿನ ಅಂಚಿನಲ್ಲಿ ಅದು 70%ಗೆ ಎಲ್ಲಿ ನಿಲ್ಲುತ್ತೆ! ನಾನು ಆ ಹಾಳೆ ಓದಿದ್ದು ಅಜ್ಜಿಯ ಒಲೆ ಆರಿದ ಮೇಲೆ. ಗಾಳಿ ಅಳೆಯುವ ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವ ಯಂತ್ರದ ದಾರಿ ಬೇರೆ. ಅದು ಒಳಗೆ ಬರುವ ಗಾಳಿಯನ್ನು ಬಿಸಿ ಮಾಡಿ ತೇವ ತೆಗೆಯುತ್ತದೆ, ಕಣಗಳನ್ನು ಒಂದು ಫಿಲ್ಟರ್ ಪಟ್ಟಿಯ ಮೇಲೆ ಹಿಡಿದು, ಬೀಟಾ ಕಿರಣ ಎಷ್ಟು ತಡೆಯಿತು ಅಂತ ನೋಡಿ ತೂಕ ಹೇಳುತ್ತದೆ. ಅದಕ್ಕೇ ಅದು ಅಷ್ಟು ದುಬಾರಿ. ನಮ್ಮೂರ ಕಲ್ಯಾಣನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಇದೆ, ಅದರ ಅಂಕಿ ಯಾರು ಬೇಕಾದರೂ ನೋಡಬಹುದು. ನಾನು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಇನ್ನೊಂದು ದಡ್ಡತನ: ಐದು ನಿಮಿಷದ ಅಂಕಿಯನ್ನು ದೆಹಲಿಯ ಅಂಕಿಯ ಪಕ್ಕ ಇಟ್ಟದ್ದು. ನಮ್ಮ ದೇಶದಲ್ಲಿ ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರಾನ್ ಮೀರದ ಸಣ್ಣ ಕಣಗಳಿಗೆ, ಇರುವ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ಅದು 24 ಗಂಟೆಯ ಸರಾಸರಿಗೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಯಾವ ಸೆನ್ಸರ್ ತಂದರೂ ನಡೆಯುತ್ತದೆ, ಪ್ಲಾಂಟವರ್ ಕಂಪನಿಯದಾಗಲಿ, ನನ್ನ ಎಸ್‌ಡಿಎಸ್ 011 ಮಾಡಿದ ನೋವಾ ಕಂಪನಿಯದಾಗಲಿ. ಹತ್ತು ಕಡೆ ಮಾತ್ರ ಬೇಡ. ಮೂರು ತನ್ನಿ. ಎರಡು ವಾರ ಮೂರನ್ನೂ ಒಂದೇ ಕಂಬಿಗೆ ಕಟ್ಟಿ, ಮಂಜಿನ ದಿನವೂ ಇರಲಿ, ಒಣ ದಿನವೂ ಇರಲಿ. ಪಕ್ಕದಲ್ಲಿ ತೇವಾಂಶದ ಸೆನ್ಸರ್ ಒಂದು ಕಡ್ಡಾಯ. ಮಂಡಳಿಯ ಯಂತ್ರದ ಹತ್ತಿರ ಇಡಲು ಅನುಮತಿ ಕೇಳಿ, ಕೊಟ್ಟರೆ ನಿಮ್ಮ ಅದೃಷ್ಟ. ಇಷ್ಟು ಆದ ಮೇಲೆ ಊರಿಗೆ ಹಂಚುವ ಮಾತು. ಇಂಥ ಸೆನ್ಸರ್ ಅಂಕಿಯನ್ನು ಸರಿಪಡಿಸಲು ಅಮೆರಿಕದವರು ಮಾಡಿದ ತಿದ್ದುಪಡಿ ಸೂತ್ರ ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಅದನ್ನು ಹಾಗೇ ಹಾಕಬೇಡಿ. ಅವರ ಹೊಗೆ ಬೇರೆ, ನಮ್ಮ ಸೌದೆ ಹೊಗೆ ಬೇರೆ.

ಬಿ.ಎಂ. ರಸ್ತೆಯ ಧೂಳು ಅಳೆಯೋದು ನಿಮ್ಮ ಉದ್ದೇಶವಾದರೆ ದುಡ್ಡು ಉಳಿಸಿಕೊಳ್ಳಿ. ರಸ್ತೆ ಧೂಳಿನ ದಪ್ಪ ಕಣ ಈ ಸೆನ್ಸರ್‌ಗಳ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಹೊಗೆ ಸಿಗುತ್ತದೆ. ಕಸ ಸುಡುವುದು ಎಷ್ಟು ಹೊತ್ತಿಗೆ, ಯಾವ ಬೀದಿಯಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಎಸ್‌ಡಿಎಸ್ 011 ತಂದರೆ, ಎಂಟು ಸಾವಿರ ಗಂಟೆ ಅಷ್ಟೇ ಅದರ ಲೇಸರಿನ ಆಯುಸ್ಸು. ಬಿಡದೆ ಓಡಿಸಿದರೆ ಒಂದು ವರ್ಷವೂ ಇಲ್ಲ. ಅರ್ಧ ನಿಮಿಷ ಓಡಿಸಿ, ನಾಲ್ಕೂವರೆ ನಿಮಿಷ ಮಲಗಿಸಿ. ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ, ಇಲ್ಲದಿದ್ದರೆ ಜೇಡ ಮನೆ ಮಾಡುತ್ತದೆ.

ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ, ಗುಂಪಿನಲ್ಲೂ ಬರೆದೆ. ಆಮೇಲೆ ಫೆಬ್ರವರಿಯ ಒಣ ದಿನಗಳಲ್ಲಿ ಒಂದು ಒಳ್ಳೆಯ ಡಬ್ಬಿಯನ್ನು ಅದೇ ಜಾಗದಲ್ಲಿ ಇಟ್ಟು ನೋಡಿದೆ. ಒಲೆಯ ಹೊಗೆ ಕಾಣುತ್ತದೆ, ಸುಳ್ಳಲ್ಲ. ಆರು ಗಂಟೆಗೆ ಏರುತ್ತದೆ, ಆರೂವರೆಯೊಳಗೆ ಇಳಿಯುತ್ತದೆ. ಅಪ್ಪ ಈಗ ವಾಕಿಂಗ್ ಏಳಕ್ಕೆ ಹೋಗ್ತಾರೆ.

ನನ್ನ ಹತ್ತಿರ ಸರಿ ಓದುವ ಎರಡು ಡಬ್ಬಿ ಸುಮ್ನೆ ಬಿದ್ದಿವೆ. ಚಿಕ್ಕಮಗಳೂರಿಗೆ ಬಂದಾಗ ಒಯ್ಯಿರಿ, ಜೊತೆಗೆ ಆ ಆರನೆಯದನ್ನೂ ತೋರಿಸ್ತೀನಿ.