ಎಂಜಿನ್ ಲೈಟ್ ಹತ್ತಿದ್ದಕ್ಕೆ ಸೆನ್ಸರ್ ಬದಲಿಸಬೇಡಿ, ಕಾರನ್ನೂ ಮಾರಬೇಡಿ

ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು, ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ವರ್ಕ್‌ಶಾಪಿನವರು ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುತ್ತಿದ್ದಾರೆ, ಬದಲಿಸಲಾ ಇಲ್ಲ ಮಾರಿಬಿಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನನಗೂ ಇದೇ ಮಾತು ಹೇಳಿದ್ದರು. ಸೆನ್ಸರ್ ಬದಲಿಸಿದೆ. ಲೈಟ್ ಮತ್ತೆ ಬಂತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮನೆ. ಕಾರು 2013ರ ಕೊನೆಯ ಮಾಡೆಲ್. ಮಳೆ ಜೋರಿದ್ದ ಒಂದು ಬೆಳಿಗ್ಗೆ ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಕುಂಬಳೆ ದಾಟಿ ಹೈವೇ ಕೆಲಸದ ಬ್ಲಾಕಿನಲ್ಲಿ ನಿಂತಿದ್ದಾಗ ಹಳದಿ ಲೈಟ್ ಹತ್ತಿತು. ನಿಂತಲ್ಲೇ ಕಾರು ಸಣ್ಣಗೆ ನಡುಗುತ್ತಿತ್ತು. ಓಡುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಸಮಸ್ಯೆಯ ಪೂರ್ತಿ ಸುಳಿವು ಇಲ್ಲೇ ಇತ್ತು.

ಮರುದಿನ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0171 ಅನ್ನುವ ಕೋಡ್ ಬಂತು. ಅಂದರೆ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹುಡುಗ ನನ್ನ ಮುಖ ನೋಡಿ, "ಒಮ್ಮೆ ಅಳಿಸಿ ನೋಡುವ ಸಾರ್" ಅಂದ. ಆಯ್ತು ಅಂದೆ. ಅವನು ಒಂದು ಬಟನ್ ಒತ್ತಿದ, ಲೈಟ್ ಆರಿತು.

ನನಗೆ ದುಡ್ಡು ಹೋದದ್ದು ಅಲ್ಲಿ. ಸೆನ್ಸರ್ ಕೊಂಡಾಗ ಅಲ್ಲ, ಆ "ಆಯ್ತು" ಅಂದಾಗ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಲೈಟ್ ಹತ್ತಿಸುವಾಗ ಕಾರಿನ ಕಂಪ್ಯೂಟರ್ ಬರೀ ಕೋಡ್ ಇಡುವುದಿಲ್ಲ. ಆ ಗಳಿಗೆಯ ಸ್ಥಿತಿಯನ್ನೂ ಬರೆದಿಡುತ್ತದೆ. ಎಂಜಿನ್ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿ ಇತ್ತು, ಕಾರು ಓಡುತ್ತಿತ್ತಾ, ನಿಂತಿತ್ತಾ, ಪೆಟ್ರೋಲ್ ಎಷ್ಟು ಹೆಚ್ಚಿಸಿಕೊಳ್ಳುತ್ತಿತ್ತು, ಎಲ್ಲ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಹೆಚ್ಚಿನ ಕಾರುಗಳಲ್ಲಿ ಹೋಗುತ್ತದೆ. ನನ್ನ ಕಾರು ನಿಂತಿದ್ದಾಗ, ಬಿಸಿಯಾದ ಮೇಲೆ, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವಾಗ, ತಪ್ಪು ಕಂಡಿತ್ತು ಅಂತ ಅಲ್ಲಿ ಸ್ಪಷ್ಟವಾಗಿ ಇದ್ದಿರಬೇಕು. ಯಾರೂ ಓದಲಿಲ್ಲ. ಓದದೆ ಅಳಿಸಿದರು.

ಇನ್ನೊಂದು ಮೋಸ ಇದೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಒಂದರ ಹಿಂದೆ ಒಂದು ಎರಡು ಸಲದ ಓಟದಲ್ಲಿ ಕಂಡ ಮೇಲೆಯೇ ಲೈಟ್ ಹತ್ತುವುದು. ಹಾಗಾಗಿ ಅಳಿಸಿದ ತಕ್ಷಣ ಕಾರು ಸರಿಯಾದ ಹಾಗೆ ಕಾಣುತ್ತದೆ. ಅದು ರಿಪೇರಿ ಅಲ್ಲ. ಕಂಪ್ಯೂಟರ್ ಮತ್ತೆ ಮೊದಲಿಂದ ಲೆಕ್ಕ ಶುರು ಮಾಡಿದೆ, ಅಷ್ಟೇ.

ಲೈಟ್ ಮತ್ತೆ ಬಂದಾಗ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಅಂತ ಹೇಳಿದ್ದು ಆ ಸೆನ್ಸರ್. ಅದು ಹೇಳಿದ್ದು ನಿಜವೇ ಆಗಿತ್ತು. ಅದನ್ನೇ ಕಿತ್ತು ಹಾಕಿದ್ದು ದೂರು ಕೊಟ್ಟವನನ್ನೇ ಜೈಲಿಗೆ ಹಾಕಿದ ಹಾಗಾಯಿತು. ಸೆನ್ಸರ್ ಕೆಟ್ಟರೆ ಅದಕ್ಕೆ ಬೇರೆ ಕೋಡ್‌ಗಳಿವೆ. ಪಿ0135 ಬಂದರೆ ಮೊದಲ ಸೆನ್ಸರಿನ ಹೀಟರ್ ಸರ್ಕ್ಯೂಟ್ ನೋಡಬೇಕು, ಅದು ಬೇರೆ ಮಾತು. ಪಿ0171 ಒಂದನ್ನೇ ಹಿಡಿದುಕೊಂಡು ಸೆನ್ಸರ್ ಬದಲಿಸಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಕೊನೆಗೆ ಸರಿ ಮಾಡಿದ್ದು ಪೆರ್ಲದ ಕಡೆಯ ಒಂದು ಸಣ್ಣ ಗ್ಯಾರೇಜಿನ ಅಣ್ಣ. ಅವರು ಸ್ಪ್ಯಾನರ್ ಮುಟ್ಟುವ ಮೊದಲು, "ಯಾವಾಗ ನಡುಗುವುದು ಮಾರಾಯ್ರೇ, ನಿಂತಾಗಲಾ, ಹೋಗುವಾಗಲಾ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಫ್ಯುಯೆಲ್ ಟ್ರಿಮ್ ತೆರೆದರು. ಅಳತೆಗಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು ಕಮ್ಮಿ ಕೊಡುತ್ತಿದೆ ಅಂತ ತೋರಿಸುವ ಅಂಕಿ ಅದು. ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆ ಇಲ್ಲ. ನನ್ನದು ಐಡಲ್‌ನಲ್ಲಿ 20ರ ಮೇಲಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಇಳಿದು 4ಕ್ಕೆ ಬಂದು ನಿಲ್ಲುತ್ತಿತ್ತು.

ಈ ಇಳಿಕೆಯಲ್ಲೇ ಉತ್ತರ ಇದೆ. ನನ್ನ ಕಾರಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲಿದೆ. ಅದನ್ನು ದಾಟಿದ ಮೇಲೆ ಯಾವುದಾದರೂ ಬಿರುಕಿನಿಂದ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದನ್ನು ಸರಿದೂಗಿಸಲು ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ಜೋರಾಗಿ ತಿರುಗಿದಾಗ ಅದು ಲೆಕ್ಕಕ್ಕೇ ಇಲ್ಲ. ಅದೇ ಏರು ರಸ್ತೆಯಲ್ಲಿ, ಲೋಡ್ ಬಿದ್ದಾಗ ಅಂಕಿ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್, ಇಂಜೆಕ್ಟರ್ ಕಡೆ ನೋಡಬೇಕು. ನಿಮ್ಮ ಕಾರಿನಲ್ಲಿ ಗಾಳಿಯ ಬದಲು ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ ಸೋರಿಕೆ ಹೀಗೆ ಕಾಣದೆ ಐಡಲ್ ಏರಿಸಿ ತೋರಿಸಬಹುದು, ಅದನ್ನೂ ಗಮನಿಸಿ.

ಅಣ್ಣ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಸವರುತ್ತಾ ಹೋದರು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಕಳಿಸುವ ಪಿಸಿವಿ ಪೈಪಿನ ತಿರುವಿನ ಅಡಿಭಾಗದಲ್ಲಿ ಕೈ ನಿಂತಿತು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ಬಿಚ್ಚಿ ಬಗ್ಗಿಸಿದಾಗ ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಟ್ಟಿತು. ಎಣ್ಣೆ ಕುಡಿದು ರಬ್ಬರ್ ಎಷ್ಟು ಮೆತ್ತಗಾಗಿತ್ತು ಅಂದರೆ ಒತ್ತಿದರೆ ಪಿಚಕ್ ಅನ್ನುತ್ತಿತ್ತು. ಹೊಸ ಪೈಪಿನ ರೇಟು ಸೆನ್ಸರಿನ ಹತ್ತನೇ ಒಂದು ಪಾಲೂ ಇರಲಿಲ್ಲ. ಹಾಕಿದ ಮೇಲೆ ಟ್ರಿಮ್ ಕೆಳಗಿಳಿಯಿತು, ನಡುಕ ನಿಂತಿತು.

ಹಾಗಾಗಿ ನೀವು ಮೊದಲು ಒಂದು ಅಡಾಪ್ಟರ್ ತಗೊಳ್ಳಿ, ಸಾವಿರ ರೂಪಾಯಿ ಒಳಗೆ ಸಿಗುತ್ತದೆ. 2013ರ ಏಪ್ರಿಲ್ ನಂತರದ ಬಿಎಸ್-4 (ಹೊಗೆಯ ನಿಯಮ) ಕಾರುಗಳಿಗೆ ಒಬಿಡಿ-2, ಅಂದರೆ ಈ ಅಡಾಪ್ಟರ್ ಓದುವ ವ್ಯವಸ್ಥೆ, ಕಡ್ಡಾಯವಾಗಿತ್ತು, ನಿಮ್ಮದು ಅದಕ್ಕಿಂತ ಹಳೆಯದಾದರೆ ಮೊದಲು ಯಾರದ್ದಾದರೂ ಅಡಾಪ್ಟರ್ ಕೇಳಿ ಹಾಕಿ ನೋಡಿ. ಕೋಡ್, ಫ್ರೀಜ್ ಫ್ರೇಮ್ ಎರಡರ ಫೋಟೋ ತೆಗೆಯದೆ ಯಾರಿಗೂ ಅಳಿಸಲು ಬಿಡಬೇಡಿ. ಅಮೆರಿಕದ ವಿಡಿಯೋ ನೋಡಿ ಪೆಟ್ರೋಲ್ ಮುಚ್ಚಳ ಬಿಗಿ ಮಾಡುತ್ತಾ ಕೂರಬೇಡಿ. ಅಲ್ಲಿನ ಕಾರುಗಳು ಪೆಟ್ರೋಲ್ ಆವಿಯ ಸೋರಿಕೆಯನ್ನು ತಾವೇ ಪರೀಕ್ಷೆ ಮಾಡುತ್ತವೆ. ನಮ್ಮ ಹಳೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಅದರ ಬದಲು ಬಾನೆಟ್ ತೆಗೆದು ಇಲಿ ಕಚ್ಚಿದ ಗುರುತು ನೋಡಿ. ನಮ್ಮ ಕಡೆ ಅಡಿಕೆ, ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುತ್ತೇವೆ, ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಎಂಜಿನ್ನೇ ಬೇಕು. ವೈರ್ ಕಡಿದಿದ್ದರೂ ಇದೇ ಲೈಟ್ ಹತ್ತುತ್ತದೆ.

ಮಾರುವ ಮಾತು ಈಗ ಬೇಡ. ಲೈಟ್ ಉರಿಯುತ್ತಿರುವ ಕಾರಿಗೆ ಕೊಳ್ಳುವವರು ಎಂಜಿನ್ನೇ ಹೋಗಿದೆ ಅನ್ನುವ ರೇಟು ಹೇಳುತ್ತಾರೆ. ನೋಂದಣಿ 15 ವರ್ಷಕ್ಕೆ ಇದೆ ಅಲ್ವಾ, ಅಲ್ಲಿವರೆಗೆ ಆರಾಮವಾಗಿ ಓಡಿಸಬಹುದು.

ಒಂದು ಮಾತ್ರ ಗಮನದಲ್ಲಿರಲಿ. ಲೈಟ್ ಸುಮ್ನೆ ಉರಿಯುತ್ತಿದ್ದು, ಕಾರು ಸರಿಯಾಗಿ ಓಡುತ್ತಿದ್ದರೆ, ಎಂಜಿನ್ ಬಿಸಿಯ ಮುಳ್ಳು, ಆಯಿಲ್ ಲೈಟ್ ಸರಿ ಇದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕುತ್ತಿದ್ದರೆ ಹೋಗಬೇಡಿ. ಅದು ಮಿಸ್‌ಫೈರ್, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಬಿಡುತ್ತದೆ, ಅದರ ಖರ್ಚಿನ ಮುಂದೆ ಸೆನ್ಸರ್ ಏನೂ ಅಲ್ಲ. ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಹೋಗಿ. ನಿಮ್ಮ ಕೋಡ್ ಮತ್ತು ಐಡಲ್‌ನಲ್ಲಿ, 2500ರಲ್ಲಿ ಬರುವ ಎರಡು ಟ್ರಿಮ್ ಅಂಕಿ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.